ಬಾಲ ಕಟ್ಟಿದ ಮೊಳೆ

"ಸುತ್ತಿಗೆ ಬೇಡ," ಎಂದರು ಮೇಸ್ತ್ರಿ. "ಅಜ್ಜಿಗೆ ಹೊಡೆದಷ್ಟೂ ಹಟ ಜಾಸ್ತಿ."

ಅಜ್ಜಿ ಅಂದರೆ ಲಾರಿ. ನನಗಿಂತ ಎರಡು ವರ್ಷ ದೊಡ್ಡವಳು. ಮೂತಿ ಗೋಡೆಗೆ ಗುದ್ದಿ ನಜ್ಜುಗುಜ್ಜಾಗಿತ್ತು, ಬಾನೆಟ್ಟು ಹಲ್ಲು ಕಚ್ಚಿಕೊಂಡು ಕೂತಿತ್ತು. ಗ್ಯಾರೇಜಿನ ಮೇಸ್ತ್ರಿ ಅದರ ಸಂದಿಗೆ ಒಂದು ಕಬ್ಬಿಣದ ಪಟ್ಟಿ ತೂರಿಸಿ, ಮೆಲ್ಲಗೆ, ಮಗುವಿನ ಬಾಯಿಗೆ ಔಷಧಿ ಹಾಕುವವರಂತೆ ಒತ್ತುತ್ತಿದ್ದರು.

ನಾವಿದ್ದದ್ದು ಪೊಲೀಸ್ ಠಾಣೆಯ ಹಿತ್ತಲಲ್ಲಿ, ಇನ್‌ಸ್ಪೆಕ್ಟರ ಅಪ್ಪಣೆ ಪಡೆದು. ಸುತ್ತ ಜಪ್ತಿಯಾದ ಸೈಕಲ್ಲುಗಳು, ಗಾಳಿ ಹೋದ ಎರಡು ಕಾರು, ಬಾಗಿಲಿಲ್ಲದ ಒಂದು ಬೀರು. ಕಿಟಕಿಯೊಳಗೆ ಕಾಣುವ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ.

ಆರು ದಿನದ ಹಿಂದೆ ಇದೇ ಲಾರಿ ದಿಣ್ಣೆಯ ಮೇಲಿನಿಂದ ಇಳಿದುಬಂದು ತನ್ನ ಯಜಮಾನನಿಗೇ, ಅವನದೇ ಗಾಜಿನ ಗೋದಾಮಿನ ಗೇಟಿನ ಹತ್ತಿರ ಬಡಿದಿತ್ತು; ಯಜಮಾನ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಲಾರಿಯ ಚಾಲಕ, ಅರೆಸ್ಟು ಬರೆಯದೆ ವಿಚಾರಣೆಯ ಹೆಸರಲ್ಲಿ, ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದ ಲಾಕಪ್ಪಿನಲ್ಲಿದ್ದ. ಮೂರು ಗಂಟೆಗೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ. "ಕೊಲೆ ಯತ್ನ" ಎಂದು ಟೈಪಾದ ಕಾಗದ ಸಿದ್ಧವಾಗಿತ್ತು. ಆ ಕಾಗದ ಕೋರ್ಟು ಮುಟ್ಟಿದರೆ ಅವನು ಮತ್ತೆ ಯಾವ ವರ್ಷ ಮನೆ ಊಟ ಉಣ್ಣುತ್ತಾನೋ ಹೇಳುವವರಿಲ್ಲ.

ಅವನನ್ನು ಬಿಡಿಸಿಕೊಡಿ ಎಂದು ನನ್ನ ಬಾಗಿಲು ತಟ್ಟಿದವಳು ಅವನ ಹೆಂಡತಿ. ಮೇಸ್ತ್ರಿಯ ಮಗಳು. ಅಲ್ಲಿಗೆ ಲಾಕಪ್ಪಿನಲ್ಲಿದ್ದವನು ಮೇಸ್ತ್ರಿಗೆ ಅಳಿಯ.

ನನ್ನ ವಿಷಯ ಹೊಸದಾಗಿ ಹೇಳುವಂಥದ್ದೇನಿಲ್ಲ. ವಕೀಲರೊಬ್ಬರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಂಡವರ ಸುಳ್ಳುಗಳನ್ನು ಮೂರು ಮೂರು ಪ್ರತಿ ಟೈಪ್ ಮಾಡಿದೆ. ಆಮೇಲೆ ಆ ಸುಳ್ಳುಗಳ ಬೆನ್ನು ಹತ್ತುವುದೇ ಕಸುಬಾಯಿತು. ಮಾತು ಮಾತಿಗೂ "ಯಾಕೆ" ಅನ್ನುತ್ತೇನೆಂದು ಎಲ್ಲರೂ ನನ್ನನ್ನು ಯಾಕಮ್ಮ ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬೋರ್ಡಿನ ಮೇಲೂ ಅದನ್ನೇ ಬರೆಸಿದ್ದೇನೆ.

"ಮೇಸ್ತ್ರಿಗಳೇ, ಬಾನೆಟ್ ಏಳೋವರೆಗೆ ಇನ್ನೊಂದು ಸಲ ಹೇಳಿ. ಪೊಲೀಸರು ಮೂರನೇ ಗೇರ್ ಅಂತ ಬರೆದಿದ್ದು ಯಾಕೆ ತಪ್ಪು?"

"ನಿಮಗೆ ಆಗಲೇ ಎರಡು ಸಲ ಹೇಳಿದೆ."

"ನನ್ನ ತಲೆಗೆ ಮೂರನೇ ಸಲಕ್ಕೇ ಹೋಗೋದು."

ಅವರಿಗೆ ನಗು ಬಂತು. ಕೈ ಒರೆಸಿಕೊಂಡು ನನ್ನನ್ನು ಚಾಲಕನ ಬಾಗಿಲ ಹತ್ತಿರ ಕರೆದೊಯ್ದರು.

ಈಗಿನ ಲಾರಿಗಳಲ್ಲಿ ಗೇರ್ ಕೋಲು ನೆಲದಿಂದ ಎದ್ದಿರುತ್ತದೆ. ಅಜ್ಜಿಗೆ ಹಾಗಲ್ಲ. ಅವಳ ಗೇರ್ ಕೋಲು ಸ್ಟೇರಿಂಗಿನ ಕಂಬಕ್ಕೇ ಅಂಟಿಕೊಂಡಿದೆ. ತನ್ನ ಕಡೆ ಎಳೆದು ಕೆಳಕ್ಕೆ ತಂದರೆ ಮೊದಲನೆಯದು. ಎಳೆದು ಮೇಲಕ್ಕೆತ್ತಿದರೆ ರಿವರ್ಸು. ಆ ಕಡೆ ದೂಡಿ ಮೇಲಕ್ಕೆತ್ತಿದರೆ ಎರಡನೆಯದು, ಹಾಗೇ ಕೆಳಕ್ಕೆ ಇಳಿಸಿದರೆ ಮೂರನೆಯದು. ಅಷ್ಟೇ, ಮೂರೇ ಗೇರು. ನಡುವೆ ನೆಟ್ಟಗೆ ನಿಂತರೆ ನ್ಯೂಟ್ರಲ್.

"ಈಗ ಕೋಲು ನೋಡಿ," ಎಂದರು ಮೇಸ್ತ್ರಿ.

ಅದು ಕೆಳಕ್ಕೆ ಜೋತುಬಿದ್ದಿತ್ತು. ಯಾರು ನೋಡಿದರೂ ಮೂರನೇ ಗೇರ್ ಅಂತಲೇ ಅನ್ನಬೇಕು.

ಮೇಸ್ತ್ರಿ ಒಂದೇ ಬೆರಳಲ್ಲಿ ಅದನ್ನು ಎತ್ತಿದರು. ಎದ್ದಿತು. ಬಿಟ್ಟರು. ಮತ್ತೆ ಜೋತುಬಿತ್ತು.

"ಬುಡದಲ್ಲಿ ಒಂದು ಬುಷ್ ಇರುತ್ತೆ. ರಬ್ಬರಿನ ಬಳೆ ಅಂದ್ಕೊಳ್ಳಿ. ಸವೆದು ಪುಡಿಯಾಗಿದೆ. ಅದಕ್ಕೇ ಕೋಲು ತನ್ನ ಭಾರಕ್ಕೆ ತಾನೇ ಬೀಳುತ್ತೆ. ಗೇರ್ ಯಾವುದರಲ್ಲಿದೆ ಅಂತ ಇದನ್ನ ನೋಡಿ ಹೇಳೋದೂ ಒಂದೇ, ನಿದ್ದೆ ಮಾಡ್ತಿರೋನ ಬಾಯಿ ನೋಡಿ ಹಸಿವು ಹೇಳೋದೂ ಒಂದೇ."

"ಮತ್ತೆ ನಿಜವಾದ ಗೇರ್ ಎಲ್ಲಿ ಕಾಣುತ್ತೆ?"

"ಕೆಳಗೆ. ಕಂಬದ ಬುಡದಲ್ಲಿ, ಬಾನೆಟ್ ಒಳಗೆ. ಅಲ್ಲಿ ಒಂದರ ಪಕ್ಕ ಒಂದು ಎರಡು ಲಿವರ್ ಇವೆ. ಒಂದು ಮೊದಲನೇದಕ್ಕೆ ಮತ್ತೆ ರಿವರ್ಸಿಗೆ, ಇನ್ನೊಂದು ಎರಡು-ಮೂರಕ್ಕೆ. ಬುಷ್ ಸವೆದ್ರೆ ಎರಡೂ ಒಟ್ಟಿಗೆ ಸಿಕ್ಕಿಹಾಕ್ಕೊಳ್ಳುತ್ತೆ, ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡ ಹಾಗೆ. ಯಾವಳೂ ಹಿಂದೆ ಸರಿಯಲ್ಲ. ಗಾಡಿ ನಿಂತಲ್ಲೇ ನಿಲ್ಲುತ್ತೆ."

ಅಂದು ಬೆಳಿಗ್ಗೆ ಆದದ್ದೂ ಅದೇ. ದಿಣ್ಣೆಯ ನೆತ್ತಿಯಲ್ಲಿ ಗೇರ್ ಸಿಕ್ಕಿಕೊಂಡಿತು. ಹಿಂದಿನ ವಾರ ಇದೇ ಜಗ್ಗಾಟದಲ್ಲಿ ಒಂದು ಲೋಡು ಗಾಜು ಪುಡಿಯಾಗಿತ್ತು. ಯಜಮಾನ ರಸ್ತೆಯಲ್ಲೇ ಕೂಗಾಡಿದ: ಈ ಮುದುಕಿ ನಾಳೆ ಗುಜರಿಗೆ, ಅವಳ ಜೊತೆ ನೀನೂ ಹೊರಡು. ಹದಿನೆಂಟು ವರ್ಷ ಒಂದೇ ಲಾರಿ ಓಡಿಸಿದ ಚಾಲಕನೂ ತಿರುಗಿ ಅಂದ. ದಾರಿಹೋಕರು ನಾಲ್ಕು ಜನ ಕೇಳಿಸಿಕೊಂಡರು. ಆಮೇಲಿನದಕ್ಕೆ ಚಾಲಕನ ಹೇಳಿಕೆ ಇಷ್ಟೇ: ಮಾವನಿಗೆ ಫೋನ್ ಮಾಡಲು ನಡೆದು ಹೋದೆ, ಫೋನ್ ಯಾರೂ ಎತ್ತಲಿಲ್ಲ, ವಾಪಸ್ಸು ಬರುವಾಗ ಗಾಡಿ ಇರಲಿಲ್ಲ, ಕೆಳಕ್ಕೆ ಓಡಿದೆ. ಜಗಳವಾಡಿದವನು ಗಾಡಿಯ ಹಿಂದೆಯೇ ಓಡಿಬಂದರೆ ಜನ ಏನೆಂದುಕೊಳ್ಳುತ್ತಾರೆ? ಹಿಡಿದುಕೊಂಡರು.

"ಕಟ್," ಎಂದು ಸದ್ದಾಯಿತು. ಬಾನೆಟ್ಟು ಒಂದು ಗೇಣು ಎದ್ದಿತು.

ಮೇಸ್ತ್ರಿ ಅದನ್ನು ಭುಜದಿಂದ ಮೇಲೆತ್ತಿ, ಕೋಲು ಕೊಟ್ಟು ನಿಲ್ಲಿಸಿ, ಟಾರ್ಚು ಹಿಡಿದು ಒಳಗೆ ಬಗ್ಗಿದರು. ನಾನೂ ಪಕ್ಕದಲ್ಲಿ ಬಗ್ಗಿದೆ. ಹಳೆ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಎಂಜಿನ್ನಿನ ಪಕ್ಕದಿಂದ ಸ್ಟೇರಿಂಗ್ ಕಂಬ ಇಳಿದಿತ್ತು. ಅದರ ಬುಡದಲ್ಲಿ ಅವರು ಹೇಳಿದ ಅತ್ತೆ ಸೊಸೆಯರು, ಎರಡು ಕಬ್ಬಿಣದ ಕಿವಿಗಳು.

ಮೇಸ್ತ್ರಿಯ ಟಾರ್ಚು ಅಲ್ಲಿಗೆ ಹೋಯಿತು. ತಕ್ಷಣ ಪಕ್ಕಕ್ಕೆ ಸರಿಯಿತು.

ಮನುಷ್ಯ ಹುಡುಕುತ್ತಿದ್ದುದು ಸಿಕ್ಕಿದಾಗ ಬೆಳಕು ಅಲ್ಲೇ ನಿಲ್ಲುತ್ತದೆ. ಸಿಗಬಾರದ್ದು ಸಿಕ್ಕಿದಾಗ ಹೀಗೆ ಸರಿಯುತ್ತದೆ. ಬೆಳಕು ಬ್ಯಾಟರಿಯ ಕಡೆ ಇದ್ದರೂ ಅವರ ಎಡಗೈ ಮಾತ್ರ ಕತ್ತಲಲ್ಲಿ ಕಂಬದ ಬುಡಕ್ಕೆ ಹೋಗುತ್ತಿತ್ತು.

ನಾನು ಆ ಕೈಯ ಮಣಿಕಟ್ಟು ಹಿಡಿದುಕೊಂಡೆ.

"ಏನು ತೆಗೀತಿದ್ದೀರಿ ಮೇಸ್ತ್ರಿಗಳೇ?"

"ಕಸ."

"ಕಸಾನೇ ನನಗೆ ಬೇಕಾಗಿರೋದು. ಟಾರ್ಚ್ ಕೊಡಿ."

ಕೊಡಲಿಲ್ಲ. ನಾನೇ ಕಿತ್ತುಕೊಂಡೆ. ಎಪ್ಪತ್ತರ ಮುದುಕರ ಜೊತೆ ಜಗ್ಗಾಡಿದ್ದಕ್ಕೆ ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಎರಡು ಲಿವರುಗಳ ಕಿವಿಯಲ್ಲೂ ಒಂದೊಂದು ತೂತು. ಎರಡೂ ತೂತುಗಳನ್ನು ಪೋಣಿಸಿಕೊಂಡು ಒಂದು ಉದ್ದನೆಯ ಮೊಳೆ ನಿಂತಿತ್ತು. ಮೊಳೆಯ ತಲೆಗೆ ಒಂದು ಚಿಂದಿ ಬಟ್ಟೆ, ಗಂಟು ಹಾಕಿ ಕಟ್ಟಿದ್ದು, ಬಾಲದ ಹಾಗೆ ಇಳಿಬಿದ್ದಿತ್ತು. ಎಣ್ಣೆ ಕುಡಿದು ಕಪ್ಪಾಗಿದ್ದರೂ ತುದಿಯಲ್ಲಿ ಹಳದಿ ಹೂವಿನ ಅರ್ಧ ಎಸಳು ಕಾಣುತ್ತಿತ್ತು.

"ಇದೇನು?"

ಅವರು ಬಾನೆಟ್ಟಿಗೆ ಕೊಟ್ಟ ಕೋಲನ್ನು ಸರಿಮಾಡತೊಡಗಿದರು.

"ಮೇಸ್ತ್ರಿಗಳೇ, ಒಂದೂವರೆ ಗಂಟೆ. ಮೂರಕ್ಕೆ ನಿಮ್ಮ ಅಳಿಯನ್ನ ಕರ್ಕೊಂಡು ಹೋಗ್ತಾರೆ."

ಅವರು ಲಾರಿಯ ಮಡ್‌ಗಾರ್ಡಿನ ಮೇಲೆ ಕೂತರು. ಕೂತ ಮೇಲೆ ಒಮ್ಮೆಲೇ ವಯಸ್ಸಾದವರಂತೆ ಕಂಡರು.

"ಎರಡು ಲಿವರೂ ನ್ಯೂಟ್ರಲಿಗೆ ತಂದು, ತೂತಿಗೆ ತೂತು ಸೇರಿಸಿ, ಹೀಗೆ ಮೊಳೆ ಹಾಕ್ತೀವಿ. ಆಮೇಲೆ ಕೆಳಗಿನ ರಾಡುಗಳ ಉದ್ದ ಸರಿಮಾಡೋದು. ಮೊಳೆ ಇರೋವರೆಗೆ ಯಾವ ಲಿವರೂ ಅಲುಗಾಡಲ್ಲ."

"ಅಂದ್ರೆ, ಈ ಮೊಳೆ ಇದ್ದಾಗ ಗೇರ್ ಹಾಕೋಕೆ ಆಗುತ್ತಾ?"

"ಯಾರಪ್ಪನಿಂದಲೂ ಆಗಲ್ಲ."

ನನಗೆ ಖುಷಿ ತಡೆಯಲಾಗಲಿಲ್ಲ. ಲಾರಿಯ ಮೈಮೇಲೆ ಎರಡು ಸಲ ತಟ್ಟಿದೆ. ಮೂರನೇ ಗೇರಿನಲ್ಲಿ ಗಾಡಿ ನುಗ್ಗಿಸಿದ ಎಂಬ ಇಡೀ ಕತೆ ಒಂದು ಮೊಳೆಯ ಮೇಲೆ ಮುರಿದುಬಿತ್ತು. ಗಾಡಿಯನ್ನು ಯಾರೂ ಓಡಿಸಿರಲಿಲ್ಲ. ಅದು ನ್ಯೂಟ್ರಲಿನಲ್ಲಿ ತಾನಾಗಿ ಉರುಳಿತ್ತು.

ಖುಷಿಯ ಹಿಂದೆಯೇ ಕುತೂಹಲ ಬಂತು. ನನ್ನ ಜಾತಕವೇ ಅಂಥದ್ದು.

"ನಿಮ್ಮ ಅಳಿಯನ್ನ ಬಿಡಿಸೋ ಮೊಳೇನ ನೀವು ಯಾಕೆ ಕದ್ದು ತೆಗೀತಿದ್ರಿ?"

"ಅಭ್ಯಾಸ."

"ಅಭ್ಯಾಸ ಅಂತೆ! ಟಾರ್ಚನ್ನ ಬ್ಯಾಟರಿಗೆ ಹಿಡಿದು ಲಿವರಿಗೆ ಕೈ ಹಾಕೋ ಅಭ್ಯಾಸ ಎಷ್ಟು ವರ್ಷದ್ದು? ಮತ್ತೆ ಈ ಬಾಲ ಯಾಕೆ?"

ಬಾಲದ ವಿಷಯಕ್ಕೆ ಬಂದಾಗ ಅವರಿಗೆ ತಮ್ಮ ಹೆಮ್ಮೆಯನ್ನು ಅದುಮಿಕೊಳ್ಳಲಾಗಲಿಲ್ಲ. "ಮೊಳೆ ಮರೆತು ಬಾನೆಟ್ ಮುಚ್ಚಬಾರದು ಅಂತ. ಬಟ್ಟೆ ಬಾಲ ಹೊರಗೆ ಇಳಿಬಿಟ್ಟಿದ್ರೆ ಕಣ್ಣಿಗೆ ಹೊಡೆಯುತ್ತೆ. ಬಾಲ ಇಲ್ಲದ ಮೊಳೆ ನನ್ನ ಗ್ಯಾರೇಜಲ್ಲಿ ನಲವತ್ತು ವರ್ಷದಿಂದ ಗಾಡಿಯೊಳಗೆ ಹೋಗಿಲ್ಲ."

"ಬೇರೆ ಗ್ಯಾರೇಜಿನವರು?"

"ಅವರು ಬರಿ ಮೊಳೆ ಹಾಕ್ತಾರೆ. ಮರೀತಾರೆ. ಆಮೇಲೆ ಗೇರ್‌ಬಾಕ್ಸಿಗೆ ಬೈತಾರೆ."

ಹೇಳಿ ಮುಗಿಸಿದ ಮೇಲೆ ಅವರಿಗೆ ತಾವು ಏನು ಹೇಳಿದೆವೆಂದು ಗೊತ್ತಾಯಿತು.

"ಹಾಗಾದ್ರೆ ಇದು ನಿಮ್ಮ ಕೈ, ಇಲ್ಲಾ ನೀವು ಕಲಿಸಿದ ಕೈ. ನಿಮ್ಮ ಮೊಳೆಗಳನ್ನ ಮೊನ್ನೆ ಗ್ಯಾರೇಜಲ್ಲೇ ನೋಡಿದೆ, ಯಾತಕ್ಕೆ ಅಂತ ಈಗ ಗೊತ್ತಾಯ್ತು, ಎಲ್ಲಕ್ಕೂ ಕೆಂಪು ಬಟ್ಟೆ. ಇದಕ್ಕೆ ಹಳದಿ ಹೂವು. ಕೈಗೆ ಸಿಕ್ಕಿದ ಬಟ್ಟೆ ಹರಿದು ಕಟ್ಟಿದ್ದಾರೆ. ಯಾರಿಗೆ ಕಲಿಸಿದ್ರಿ?"

"ನಾನೇ ಹಾಕಿದ್ದು. ಬರ್ಕೊಳ್ಳಿ."

"ಯಾವಾಗ?"

"ಅವತ್ತೇ."

"ಅಳಿಯ ಫೋನ್ ಮಾಡಿದಾಗ ಗ್ಯಾರೇಜಲ್ಲಿ ಯಾಕೆ ಎತ್ತಲಿಲ್ಲ ಅಂತ ಮೊನ್ನೆ ಕೇಳಿದೆ. ಗ್ಯಾರೇಜಲ್ಲೇ ಇದ್ದೆ, ಕಿವಿ ಮಂದ, ಕೇಳಿಸಲಿಲ್ಲ ಅಂದ್ರಿ. ಈಗ ದಿಣ್ಣೆ ಮೇಲಿದ್ದೆ ಅಂತೀರಿ. ಎರಡರಲ್ಲಿ ಒಂದು ಆರಿಸ್ಕೊಳ್ಳಿ."

ಅವರು ಆರಿಸಿಕೊಳ್ಳುವ ಮೊದಲೇ ಹಿತ್ತಲ ಬಾಗಿಲು ಕಿರುಗುಟ್ಟಿತು. ಅವರ ಮಗಳು ಬಂದಳು. ಗಂಡನಿಗೆ ದಿನವೂ ತರುತ್ತಿದ್ದ ಊಟದ ಡಬ್ಬಿ ಕೈಯಲ್ಲಿತ್ತು. ಡಬ್ಬಿಗೆ ಸುತ್ತಿದ ಬಟ್ಟೆಯಲ್ಲಿ ಹಳದಿ ಹೂವುಗಳು. ಒಂದು ಅಂಚು ಉದ್ದಕ್ಕೂ ಹರಿದಿತ್ತು.

ಐದು ದಿನದಿಂದ ಆ ಡಬ್ಬಿಯನ್ನು ನಾನು ದಿನಾ ನೋಡಿದ್ದೆ. ಊರವರ ಮನೆಯ ದೂಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡುವವಳಿಗೆ ಕಣ್ಣೆದುರಿನ ಬಟ್ಟೆ ಕಾಣಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟನ್ನು ಪೂರ್ತಿ ಅವಳ ಮೇಲೆ ಹಾಕಿದೆ.

"ಬಾ ತಂಗಿ. ಹೊಟ್ಟೆನೋವಿಗೆ ಅಂತ ಡಾಕ್ಟರ್ ಹತ್ರ ಹೋಗಿ ತಲೆನೋವು ಅಂತ ಹೇಳೋರನ್ನ ನೋಡಿದ್ದೀಯಾ? ನಾನು ಇವತ್ತು ನೋಡ್ತಾ ಇದ್ದೀನಿ."

ಅವಳು ಬಾನೆಟ್ಟಿನ ಕಡೆ ನೋಡಿದಳು. ಅಪ್ಪನ ಕಡೆ ನೋಡಿದಳು. ಡಬ್ಬಿಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

"ನೀನು ಸುಮ್ನಿರು ಮಗಳೇ," ಎಂದರು ಮೇಸ್ತ್ರಿ. "ನಾನು ಹೇಳಿದ್ದೀನಿ, ನಾನೇ ಹಾಕಿದ್ದು ಅಂತ."

"ಅಪ್ಪಾ, ನಿನ್ನ ಮೊಳೆ ತುದಿ ಮಟ್ಟಸವಾಗಿ ಉಜ್ಜಿರುತ್ತೆ. ಇದು ಹಲಗೆಗೆ ಹೊಡೆಯೋ ಚೂಪು ಮೊಳೆ. ಯಾರಾದ್ರೂ ನಂಬ್ತಾರಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ನಾನೇ ಹಾಕಿದ್ದು," ಎಂದಳು.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅವತ್ತು ಇವರಿಗೆ ಊಟ ತಗೊಂಡು ದಿಣ್ಣೆ ಹತ್ತಿದೆ. ಇವರು ಇರ್ಲಿಲ್ಲ. ಯಜಮಾನರು ಒಬ್ರೇ ಗಾಡಿ ಸುತ್ತ ತಿರುಗ್ತಾ ಬೈಕೊಳ್ತಿದ್ರು. ನಾಳೇನೇ ಗುಜರಿಗೆ ಅಂದ್ರು. ಇವರಿಗೆ ಈ ಗಾಡಿ ಬಿಟ್ಟು ಬೇರೆ ಗಾಡಿ ಗೊತ್ತಿಲ್ಲ ಅಕ್ಕಾ, ಹೊಸ ಗಾಡಿ ಹತ್ತಿದ್ರೆ ಗೇರ್ ಹುಡುಕೋಕೆ ಕೈ ಸ್ಟೇರಿಂಗ್ ಕೆಳಗೇ ಹೋಗುತ್ತೆ. ನಾನು ಅಂದೆ, ಅರ್ಧ ಗಂಟೆ ಕೊಡಿ, ಸರಿ ಮಾಡಿ ತೋರಿಸ್ತೀನಿ. ನಕ್ಕರು. ಆದ್ರೂ ಆಯ್ತು ಮಾಡು ನೋಡೋಣ ಅಂದ್ರು."

"ನೀನು ಕಲಿತದ್ದು ಎಲ್ಲಿ?"

"ಮದುವೆಗೆ ಮುಂಚೆ ಎರಡು ವರ್ಷ ಅಪ್ಪನ ಗ್ಯಾರೇಜಲ್ಲೇ ಇದ್ದೆ. ಸಣ್ಣ ಕೈ ಬೇಕಾದ ಕೆಲಸ ಎಲ್ಲಾ ನಂದೇ."

"ಮೊಳೆ ಹಾಕಿದ ಮೇಲೆ?"

"ಬುಷ್ ಪೂರ್ತಿ ಹೋಗಿತ್ತು. ಹೊಸದು ಬೇಕಿತ್ತು. ಮೊಳೆ ಹಾಗೇ ಬಿಟ್ಟು, ಬಾನೆಟ್ ತೆಗೆದೇ ಇಟ್ಟು, ಗ್ಯಾರೇಜಿಗೆ ಓಡಿದೆ. ಅಪ್ಪ ಇರ್ಲಿಲ್ಲ. ಡಬ್ಬದಿಂದ ಬುಷ್ ನಾನೇ ತಗೊಂಡೆ. ವಾಪಸ್ಸು ಬರೋಷ್ಟರಲ್ಲಿ ಜನ ಸೇರಿದ್ರು. ಇವರನ್ನ ಹಿಡ್ಕೊಂಡಿದ್ರು."

"ಬಾನೆಟ್ ತೆಗೆದೇ ಇಟ್ಟಿದ್ದೆ ಅಂತ ಖಾತ್ರಿನಾ?"

"ಬಾಲ ಕಟ್ಟಿದ ಮೊಳೆ ಒಳಗಿದ್ದಾಗ ಬಾನೆಟ್ ಮುಚ್ಚಿದ್ರೆ ಅಪ್ಪ ಕೈ ಮೇಲೆ ಹೊಡೀತಿದ್ರು. ಅದು ಕೈಗೇ ಗೊತ್ತು ಅಕ್ಕಾ."

ನಾನು ಜಜ್ಜಿದ ಬಾನೆಟ್ಟನ್ನು ನೋಡಿದೆ. ಅದು ಚಿಲಕ ಬಿದ್ದ ಸ್ಥಿತಿಯಲ್ಲೇ ಗುದ್ದಿಸಿಕೊಂಡಿತ್ತು. ಅವಳು ಹೋದ ಮೇಲೆ ಯಾರೋ ಅದನ್ನು ಮುಚ್ಚಿದ್ದರು.

"ಈ ಗಾಡಿಗೆ ಹ್ಯಾಂಡ್‌ಬ್ರೇಕ್ ಹಿಡಿಯಲ್ಲ. ಚಕ್ರಕ್ಕೆ ಕಲ್ಲು?"

"ಎರಡು ಕಲ್ಲು ಇಟ್ಟಿದ್ದೆ. ಒಂದು ಸ್ವಲ್ಪ ಅಲ್ಲಾಡ್ತಿತ್ತು. ಅದೇ ಜಾರಿ ಗಾಡಿ ಉರುಳಿತು, ನನ್ನ ಕೈಯಿಂದಲೇ ಆಯ್ತು ಅಂತ ಆರು ದಿನದಿಂದ ನಿದ್ದೆ ಇಲ್ಲ. ಅವತ್ತು ರಾತ್ರಿನೇ ಅಪ್ಪಂಗೆ ಹೇಳಿದೆ. ಅಪ್ಪ ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡ್ರು."

ಮೇಸ್ತ್ರಿ ತಲೆ ತಗ್ಗಿಸಿದರು. "ಅಳಿಯ ಏನೂ ಮಾಡಿಲ್ಲ, ಹೇಗಿದ್ರೂ ಬಿಟ್ಟುಬಿಡ್ತಾರೆ ಅಂದ್ಕೊಂಡೆ. ಬುಷ್ ಸವೆದಿರೋದು ತೋರಿಸಿದ್ರೆ ಸಾಕು, ಮೊಳೆ ವಿಷಯ ಯಾಕೆ ಅಂತ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುದುಕರ ಲೆಕ್ಕ ನನಗೆ ಅರ್ಥವಾಯಿತು. ಬೈಯಬೇಕೆಂದಿದ್ದವಳು ಬೈಯಲಿಲ್ಲ.

"ತಂಗಿ, ಆ ಕಲ್ಲು ಜಾರಿಲ್ಲ. ಪೊಲೀಸರು ತೆಗೆದ ಫೋಟೋ ನಾನು ನೋಡಿದ್ದೀನಿ. ಎರಡೂ ಕಲ್ಲು ರಸ್ತೆ ಅಂಚಲ್ಲಿ ಒಂದರ ಮೇಲೊಂದು ಕೂತಿವೆ. ಜಾರಿದ ಕಲ್ಲು ಇನ್ನೊಂದರ ಹೆಗಲೇರಿ ಕೂರಲ್ಲ. ಯಾರೋ ಕೈಯಾರೆ ಎತ್ತಿಟ್ಟಿದ್ದಾರೆ. ನಿನ್ನ ತಪ್ಪಲ್ಲ."

ಅವಳು ಅಳತೊಡಗಿದಳು. ಆರು ದಿನದ ಅಳು. ನಾನು ಅವಳ ಬೆನ್ನು ಸವರಿದೆ, ಆದರೆ ತಲೆ ಮಾತ್ರ ಸುಮ್ಮನಿರಲಿಲ್ಲ.

"ಇನ್ನೊಂದು ಹೇಳು. ನೀನು ಕೆಳಗೆ ತೂತಿಗೆ ತೂತು ಸೇರಿಸ್ತಿದ್ದಾಗ, ಮೇಲೆ ಗೇರ್ ಕೋಲು ಜೋತುಬೀಳ್ತಿತ್ತಲ್ಲ. ಅದನ್ನ ಹಿಡಿದಿದ್ದು ಯಾರು?"

ಮೇಸ್ತ್ರಿ ತಟ್ಟನೆ ತಲೆಯೆತ್ತಿದರು. "ಹೌದು. ಇದು ಒಬ್ಬರ ಕೆಲಸ ಅಲ್ಲ. ಒಬ್ಬರು ಒಳಗೆ ಕೂತು ಕೋಲು ನೆಟ್ಟಗೆ ಹಿಡೀಬೇಕು."

"ಲಾರಿ ಯಜಮಾನರೇ," ಎಂದಳು ಅವಳು. "ಡ್ರೈವರ್ ಸೀಟಲ್ಲಿ ಕೂತು ಹಿಡಿದಿದ್ರು. ನಾನು ಹೋಗ್ತೀನಿ ಅಂದಾಗ್ಲೂ ಅಲ್ಲೇ ಕೂತಿದ್ರು. ಬೇಗ ಬಾ ಅಂದ್ರು."

ನಾನು ಟಾರ್ಚನ್ನು ಆರಿಸುವುದನ್ನೂ ಮರೆತೆ. ಲಾರಿ ಬಡಿದು ಗೇಟಿನ ಹತ್ತಿರ ಬಿದ್ದಿದ್ದ ಮನುಷ್ಯ, ಅದಕ್ಕೆ ಸ್ವಲ್ಪ ಹೊತ್ತು ಮುಂಚೆ ಅದೇ ಲಾರಿಯ ಚಾಲಕನ ಸೀಟಿನಲ್ಲಿ ಕೂತಿದ್ದ.

ಇನ್‌ಸ್ಪೆಕ್ಟರನ್ನು ಕರೆತಂದಾಗ ಎರಡು ಗಂಟೆ ಐದು ನಿಮಿಷ. ಒಳ್ಳೆಯ ಮನುಷ್ಯ, ಆದರೆ ಬರೆದದ್ದನ್ನು ಹೊಡೆದು ಹಾಕುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟೇ ಕಷ್ಟ. ಮೊಳೆ ನೋಡಿದರು. ಬಾಲ ನೋಡಿದರು. ಗೇರ್ ಕೋಲನ್ನು ತಾವೇ ಎರಡು ಕೈಯಲ್ಲಿ ಜಗ್ಗಿದರು, ಮುಖ ಕೆಂಪಾಗುವವರೆಗೆ. ಯಾವ ಗೇರೂ ಬೀಳಲಿಲ್ಲ.

"ನಮ್ಮ ಸರ್ಕಾರಿ ಮೆಕ್ಯಾನಿಕ್ ಮೂರನೇ ಗೇರ್ ಅಂತ ಬರೆದುಕೊಟ್ಟಿದ್ದಾನಲ್ಲ."

"ಸಾರ್," ಎಂದೆ, "ಗಾಡೀನ ಇಲ್ಲಿಗೆ ಹಗ್ಗ ಕಟ್ಟಿ ಎಳೆದು ತಂದ್ರಿ. ಹಿಂದಿನ ಚಕ್ರ ಸಲೀಸಾಗಿ ತಿರುಗಿದವಾ?"

"ತಿರುಗಿದವು."

"ಗೇರಲ್ಲಿದ್ರೆ ಹಾಗೆ ತಿರುಗ್ತಿದ್ವಾ?"

ಅವರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದರು. ಇನ್‌ಸ್ಪೆಕ್ಟರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಗಾಡಿ ಎಳೆದು ತಂದ ಎಂಟು ಜನ ಪೊಲೀಸರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ಮಗಳ ಹೇಳಿಕೆಯನ್ನು ಅವರೇ ಬರೆದುಕೊಂಡರು. ಎರಡೂವರೆಗೆ ಮೇಜಿನ ಮೇಲಿದ್ದ "ಕೊಲೆ ಯತ್ನ"ದ ಕಾಗದವನ್ನು ಪಕ್ಕಕ್ಕೆ ಸರಿಸಿ, ಬೇರೆ ಹಾಳೆ ತೆಗೆದುಕೊಂಡರು.

"ಸದ್ಯಕ್ಕೆ ನಿನ್ನ ಗಂಡನ್ನ ಮನೆಗೆ ಕಳಿಸ್ತೀನಮ್ಮ. ಕರೆದಾಗ ಬರ್ಬೇಕು. ಯಜಮಾನರು ಕಣ್ಣು ಬಿಟ್ಟ ಮೇಲೆ ನೀನು ಹೇಳಿದ್ದನ್ನ ಅವರೂ ಹೇಳಿದ್ರೆ ನಿಂದೂ ಮುಗೀತು."

ಅವಳು ಕೈಮುಗಿದಳು. ಮೇಸ್ತ್ರಿ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಗೆದ್ದೆ ಅನ್ನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆಗಲೇ ಫೋನ್ ಹೊಡೆಯಿತು.

ಇನ್‌ಸ್ಪೆಕ್ಟರು ಕೇಳಿಸಿಕೊಂಡರು. "ಹೌದಾ" ಎಂದರು. "ಯಾವಾಗ?" ಎಂದರು. ಆಮೇಲೆ ಬಹಳ ಹೊತ್ತು ಬರೆದುಕೊಂಡರು. ಬರೆಯುತ್ತಾ ಬರೆಯುತ್ತಾ ಅವರ ಕಣ್ಣು ಒಮ್ಮೆ ಅವಳ ಕಡೆ ಬಂದು ಹೋಯಿತು. ನನಗೆ ಅದು ಹಿಡಿಸಲಿಲ್ಲ.

ಫೋನಿಟ್ಟು ಹೇಳಿದರು: "ಯಜಮಾನರು ಕಣ್ಣು ಬಿಟ್ಟಿದ್ದಾರೆ. ಒಂದು ಗಂಟೆ ಆಯ್ತಂತೆ. ನಮ್ಮವನು ಪಕ್ಕದಲ್ಲೇ ಇದ್ದ, ಡಾಕ್ಟರ್ ಎದುರಿಗೇ ಹೇಳಿಕೆ ತಗೊಂಡಿದ್ದಾನೆ."

"ಏನಂದ್ರು?" ಎಂದಳು ಅವಳು, ಆಸೆಯಿಂದ.

ಅವರು ಕಾಗದ ನೋಡಿ ಓದಿದರು. "'ಗೇಟಿನ ಹತ್ತಿರ ನಿಂತಿದ್ದೆ. ಬೆಳಿಗ್ಗೆ ಜಗಳ ಆದ ಮೇಲೆ ನಾನು ದಿಣ್ಣೆಗೆ ಹೋಗಲೇ ಇಲ್ಲ. ಗಾಡಿ ನನ್ನ ಮೇಲೆ ಬಂತು. ಸ್ಟೇರಿಂಗ್ ಹಿಡಿದು ಕೂತಿದ್ದವಳು ಡ್ರೈವರ್ ಹೆಂಡತಿ. ಇಳಿಜಾರಿನಲ್ಲಿ ಗೇರ್ ಬದಲಾಯಿಸಿದ್ದನ್ನು ಕಣ್ಣಾರೆ ಕಂಡೆ.'"

ಅವಳು ಗೋಡೆಗೆ ಕೈ ಕೊಟ್ಟಳು.

"ಸುಳ್ಳು!" ಎಂದರು ಮೇಸ್ತ್ರಿ. "ಮೊಳೆ ಇರೋ ಗಾಡೀಲಿ ಗೇರ್ ಬದಲಾಯಿಸೋದು ಹೇಗೆ? ಈಗ ತಾನೇ ನೀವೇ ಜಗ್ಗಿ ನೋಡಿದ್ರಲ್ಲ!"

"ನೋಡಿದೆ. ಗಾಬರೀಲಿ ಗೇರ್ ಅಂದಿರಬಹುದು. ಆದ್ರೆ ಸ್ಟೇರಿಂಗ್ ತಿರುಗಿಸೋಕೆ ಗೇರ್ ಬೇಡವಲ್ಲ ಮೇಸ್ತ್ರಿ. ಕಲ್ಲು ತೆಗೆದು, ಹತ್ತಿ ಕೂತು, ಉರುಳೋ ಗಾಡೀನ ಬೇಕಾದ ಕಡೆ ತಿರುಗಿಸಬಹುದು." ಅವರು ಅವಳ ಕಡೆ ನೋಡದೆಯೇ ಹೇಳಿದರು. "ಗಾಡಿ ಹತ್ತಿರ ಇದ್ದೆ ಅಂತ ಇವಳೇ ಸಹಿ ಹಾಕಿಕೊಟ್ಟಿದ್ದಾಳೆ."

ಆ ಸಹಿ ಹಾಕಿಸಿದವಳು ನಾನು. ಗಂಡನನ್ನು ಬಿಡಿಸಲು ಬಂದವಳನ್ನು ಅವನ ಜಾಗಕ್ಕೆ ನಾನೇ ಕೈಹಿಡಿದು ಕರೆತಂದಂತಾಯಿತು. ಅವಳು ಸುಳ್ಳು ಹೇಳಿಲ್ಲವೆಂದು ನನಗೆ ಗೊತ್ತು. ಹಾಗಾದರೆ ಕಾಲು ಮುರಿದು, ತಲೆ ಒಡೆದು, ಆರು ದಿನ ಸಾವಿನ ಬಾಗಿಲಲ್ಲಿದ್ದ ಮನುಷ್ಯ ಕಣ್ಣು ಬಿಟ್ಟ ಕೂಡಲೇ ಸುಳ್ಳು ಹೇಳುತ್ತಾನೆ. ಯಾಕೆ?

ಅಷ್ಟರಲ್ಲಿ ಪೊಲೀಸಿನವನೊಬ್ಬ ಚಾಲಕನನ್ನು ಕರೆತಂದ, ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿಸಲು. ಆರು ದಿನದ ಗಡ್ಡ, ಸುಕ್ಕಾದ ಅಂಗಿ. ಹೆಂಡತಿಯನ್ನು ಕಂಡು ಮುಖ ಅರಳಿತು. ಅವಳ ಪಕ್ಕದಲ್ಲಿ ಮಹಿಳಾ ಪೇದೆ ಬಂದು ನಿಂತದ್ದನ್ನು ಕಂಡು ನಿಂತುಬಿಟ್ಟ.

"ಇದೇನು ಸಾರ್? ಇವಳನ್ನ ಯಾಕೆ?"

ಇನ್‌ಸ್ಪೆಕ್ಟರು ಎರಡೇ ಮಾತಿನಲ್ಲಿ ಹೇಳಿದರು.

"ಇಲ್ಲ ಸಾರ್," ಎಂದ ಅವನು. ಪೆನ್ನು ಕೈಯಲ್ಲೇ ಇತ್ತು. "ಇವಳು ಗಾಡಿ ಹತ್ತಲೇ ಇಲ್ಲ. ಬುಷ್ ತರೋಕೆ ಅಂತ ಗ್ಯಾರೇಜ್ ಕಡೆ ಓಡಿದ್ಲು. ಇವಳು ಹ್ಯಾಗೆ ಓಡಿದ್ಲು, ಎಲ್ಲಿ ಎಡವಿದ್ಲು, ಎಲ್ಲಾ ನಾನು ನೋಡಿದ್ದೀನಿ. ಇವಳು ತಿರುವು ದಾಟಿ ಹತ್ತು ನಿಮಿಷ ಆದ್ಮೇಲೇ ಗಾಡಿ ಉರುಳಿದ್ದು. ಬೇಕಾದ್ರೆ ಎಲ್ಲಿ ಬೇಕಾದ್ರೂ ಹೇಳ್ತೀನಿ."

ಇನ್‌ಸ್ಪೆಕ್ಟರು ಬಿಡುಗಡೆಯ ಕಾಗದವನ್ನು ಅವನ ಕೈಕೆಳಗಿನಿಂದ ಮೆಲ್ಲಗೆ ಎಳೆದುಕೊಂಡರು.

"ಫೋನ್ ಮಾಡೋಕೆ ಹೋಗಿದ್ದೆ ಅಂತ ಆರು ದಿನದಿಂದ ಹೇಳ್ತಿದ್ದೀಯಲ್ಲಪ್ಪ. ಇದನ್ನೆಲ್ಲ ಎಲ್ಲಿ ನಿಂತು ನೋಡಿದೆ?"

ಅವನು ಪೆನ್ನನ್ನು ಮೇಜಿನ ಮೇಲಿಟ್ಟ. ಕೇಳಬೇಕಾದ ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲೇ ಇತ್ತು, ಆದರೆ ಅವನ ಹೆಂಡತಿ ಮೊದಲು ಕೇಳಿದಳು. ದನಿ ಎತ್ತದೆ, ಮನೆಯಲ್ಲಿ ಕೇಳುವಂತೆ ಕೇಳಿದಳು.

"ರೀ, ಅಲ್ಲೇ ಇದ್ರಿ ಅಂದ್ರೆ, ಕಲ್ಲು ತೆಗೆದೋರು ಯಾರು ಅಂತಾನೂ ನೋಡಿದ್ದೀರಲ್ಲ?"

ಅವನು ಇನ್‌ಸ್ಪೆಕ್ಟರ ಕಡೆ ನೋಡಿದ. ನನ್ನ ಕಡೆ ನೋಡಿದ. ಹೆಂಡತಿಯ ಕಡೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ಬುಷ್ ತರಲು ಹೋದಾಗ ಗ್ಯಾರೇಜಲ್ಲಿ ಅಪ್ಪ ಇರಲಿಲ್ಲ ಎಂದು ಅವಳು ಹೇಳಿದ್ದು ನನಗೆ ಆಗ ನೆನಪಾಯಿತು. ಆ ಸಣ್ಣ ಕೋಣೆಯಲ್ಲಿ ಅವನು ಒಮ್ಮೆಯೂ ನೋಡದೆ ಉಳಿದದ್ದು ಕಿಟಕಿಯ ಹತ್ತಿರ ನಿಂತಿದ್ದ ತನ್ನ ಮಾವನನ್ನು ಮಾತ್ರ.